ಅಟ್ಟ ಸೇರಿದ ವೀಲ್‌ಚೇರ್: ವಿಕಲಚೇತನರ ಸಾಧನಗಳಿಗೆ ಹಣ ಎಲ್ಲಿಂದ, ಹೇಗೆ?

ನಮ್ಮ ಚಿಕ್ಕಪ್ಪ ಅಡಿಕೆ ಮರದಿಂದ ಬಿದ್ದದ್ದು ಕೊನೆ ಕೊಯ್ಲಿನ ಕಾಲದಲ್ಲಿ. ಜೀವ ಉಳಿಯಿತು, ಆದರೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆರು ತಿಂಗಳ ಮೇಲೆ ಒಂದು ಶಿಬಿರದಲ್ಲಿ ಅವರಿಗೆ ಉಚಿತವಾಗಿ ವೀಲ್‌ಚೇರ್ ಸಿಕ್ಕಿತು. ಶಾಲು ಹೊದಿಸಿದರು, ಫೋಟೊ ತೆಗೆದರು. ನಾವೆಲ್ಲ ಖುಷಿಯಿಂದ ಕುರ್ಚಿಯನ್ನು ಜೀಪಿಗೆ ಹಾಕಿಕೊಂಡು ಮನೆಗೆ ಬಂದೆವು.

ಬಂದ ಮೇಲೆ ಗೊತ್ತಾಯಿತು, ಅದು ಬಚ್ಚಲ ಬಾಗಿಲಲ್ಲಿ ತೂರುವುದೇ ಇಲ್ಲ. ಚಿಕ್ಕಪ್ಪ ಸಣ್ಣ ಆಳು, ಸೀಟು ತೀರಾ ಅಗಲ. ಒಂದು ಬದಿಗೆ ವಾಲಿಕೊಂಡೇ ಕೂರಬೇಕಾಗಿತ್ತು. ಕೆಳಗೆ ಹಾಕಿಕೊಳ್ಳಲು ಕುಶನ್ ಕೊಟ್ಟಿರಲಿಲ್ಲ. ಸ್ಪರ್ಶ ಗೊತ್ತಾಗದ ಮೈಗೆ ನೋವೂ ಗೊತ್ತಾಗುವುದಿಲ್ಲ, ಅಲ್ವಾ? ಎರಡೇ ತಿಂಗಳಲ್ಲಿ ಕುಂಡೆಯ ಮೇಲೆ ಹುಣ್ಣಾಯಿತು. ಅದು ಮಾಯುವವರೆಗೆ, ಏಳು ತಿಂಗಳು, ಅವರು ಬೋರಲು ಮಲಗಿದ್ದರು. ಆಸ್ಪತ್ರೆಗೆ ಹಾಕಿದ ದುಡ್ಡಿನಲ್ಲಿ ಒಳ್ಳೆಯ ವೀಲ್‌ಚೇರ್ ಎರಡು ಬರುತ್ತಿದ್ದವು. ಕುರ್ಚಿ ಅಟ್ಟ ಸೇರಿತು.

ಬೇರೆ ಕುರ್ಚಿ ಕೇಳೋಣ ಅಂತ ಹೋದೆವು. 'ನಿಮ್ಮ ಹೆಸರಲ್ಲಿ ಒಂದು ಆಗಿದೆಯಲ್ಲ, ಇನ್ನು ಮೂರು ವರ್ಷ ಆಗಲ್ಲ' ಅಂದರು. ಅವರು ಹೇಳಿದ್ದು ನಿಯಮವೇ. ಉಚಿತವಾಗಿ ಬಂದ ತಪ್ಪು ಕುರ್ಚಿ, ಸರಿಯಾದ ಕುರ್ಚಿಯ ದಾರಿಯನ್ನೇ ಮೂರು ವರ್ಷ ಮುಚ್ಚಿತ್ತು.

ಆಮೇಲೆ ನಾನು ಈ ವಿಷಯದ ಬೆನ್ನು ಹತ್ತಿದೆ. ನಮ್ಮ ಸುತ್ತಮುತ್ತಲಿನ ಹತ್ತಾರು ಮನೆಗಳವರ ಅರ್ಜಿ ಹಿಡಿದು ಓಡಾಡಿದ್ದೇನೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: 'ಯಾವ ಸ್ಕೀಮಲ್ಲಿ ಸಿಗುತ್ತೆ?' ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಮೊದಲು ಕೇಳಿದರೆ ನಮಗಾದದ್ದೇ ಆಗುತ್ತದೆ.

ಹಣ ನಾಲ್ಕನೆಯದು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ, ಹೆಚ್ಚು ಅನುಕೂಲ ಇಲ್ಲದ ಕಡೆಗಳಲ್ಲಿ ವೀಲ್‌ಚೇರ್ ಕೊಡುವುದು ಹೇಗೆ ಅಂತ ಒಂದು ಮಾರ್ಗಸೂಚಿ ತಂದಿತು. ಅದರಲ್ಲಿ ಎಂಟು ಹಂತಗಳಿವೆ. ಮೊದಲು ವ್ಯಕ್ತಿಯನ್ನು ತಜ್ಞರ ಹತ್ತಿರ ಕಳಿಸುವುದು. ಆಮೇಲೆ ಪರೀಕ್ಷೆ, ಅಳತೆ. ಮೂರನೆಯದು ಏನು ಬೇಕು ಅಂತ ಬರೆದುಕೊಡುವುದು. ಹಣ ಹೊಂದಿಸುವುದು ನಾಲ್ಕನೆಯದು. ನಂತರ ಕುರ್ಚಿ ಸಿದ್ಧ ಮಾಡುವುದು, ಮೈಗೆ ಹೊಂದಿಸುವುದು, ಬಳಸಲು ಕಲಿಸುವುದು, ಕೊನೆಗೆ ರಿಪೇರಿ. ನಮ್ಮಲ್ಲಿ ಬಹಳ ಸಲ ನಾಲ್ಕನೆಯದರಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ.

ಇದು ವೀಲ್‌ಚೇರ್‌ಗೆ ಮಾತ್ರ ಹೇಳಿದ ಮಾತಲ್ಲ. ಕಿವಿ ಮಿಷನ್ ಆಗಲಿ, ಕೃತಕ ಕಾಲಾಗಲಿ, ಕಣ್ಣು ಕಾಣದವರ ಕಂಪ್ಯೂಟರ್ ಆಗಲಿ, ಎಲ್ಲಕ್ಕೂ ಇದೇ ಕ್ರಮ. ಏಕೆಂದರೆ ಯೋಜನೆಗಳು ಕೊಡುವುದು ಒಂದು ವಸ್ತುವನ್ನು, ಮನುಷ್ಯನಿಗೆ ಬೇಕಿರುವುದು ಒಂದು ಕೆಲಸ ಆಗುವುದು. 'ವೀಲ್‌ಚೇರ್ ಬೇಕು' ಅನ್ನುವುದು ವಸ್ತು. 'ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ ಬರಬೇಕು' ಅನ್ನುವುದು ಕೆಲಸ. ಎರಡನೆಯದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಳಸುವವರ ಬಾಯಲ್ಲೇ ಕೇಳಿ ಬರೆಯಿರಿ. ಮನೆಯವರು ಊಹಿಸಿ ಬರೆದರೆ ಅದು ಬೇರೆಯೇ ಆಗಿರುತ್ತದೆ. ನಾವು ಚಿಕ್ಕಪ್ಪನನ್ನು ಜಗಲಿಗೆ ಕರೆತರಬೇಕು ಅಂತ ಯೋಚಿಸುತ್ತಿದ್ದೆವು. ಅವರಿಗೆ ಬೇಕಾಗಿದ್ದದ್ದು ಕೊಟ್ಟಿಗೆಗೆ ಹೋಗಿ ದನ ನೋಡುವುದು.

ಆ ಹಾಳೆ ಹಿಡಿದುಕೊಂಡು ತಜ್ಞರ ಹತ್ತಿರ ಹೋಗಿ. ವೀಲ್‌ಚೇರ್‌ಗೆ ಫಿಸಿಯೊಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್, ಕೃತಕ ಕಾಲಿಗೆ ಅದನ್ನು ಮಾಡುವ ತಜ್ಞರು, ಕಿವಿಗೆ ಆಡಿಯಾಲಜಿಸ್ಟ್. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿ ಮತ್ತು ಮಾತಿನ ತೊಂದರೆಗೆ ಇಡೀ ದೇಶಕ್ಕೇ ದೊಡ್ಡ ಜಾಗ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ, ಜನ ಸಿಆರ್‌ಸಿ ಅನ್ನುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗ ಇದೆ, ಎಪಿಡಿ, ಮೊಬಿಲಿಟಿ ಇಂಡಿಯಾ ಅನ್ನುವ ಸ್ವಯಂಸೇವಾ ಸಂಸ್ಥೆಗಳಿವೆ. ಇಂಥ ಕಡೆಗಳಲ್ಲಿ ಸಾಧನ ಕೊಡುವುದಷ್ಟೇ ಅಲ್ಲ, ಮೈ ನೋಡಿ ಅಳೆಯುವವರೂ ಇದ್ದಾರೆ.

ಅವರಿಂದ ಒಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ಸಾಧನದ ಹೆಸರು ಮಾತ್ರ ಇದ್ದರೆ ಸಾಲದು. ಸೀಟಿನ ಅಗಲ ಎಷ್ಟು ಇಂಚು, ಕುಶನ್ ಎಂಥದ್ದು, ಇಂಥದ್ದೇ ಏಕೆ ಬೇಕು, ಸಾಮಾನ್ಯವಾದದ್ದು ಕೊಟ್ಟರೆ ಏನು ತೊಂದರೆ, ಎಲ್ಲ ಇರಲಿ. 'ಕುಶನ್ ಇಲ್ಲದಿದ್ದರೆ ಒತ್ತಡದ ಹುಣ್ಣಾಗುವ ಅಪಾಯವಿದೆ' ಅನ್ನುವ ಒಂದೇ ಸಾಲು ಎಷ್ಟೋ ಕಡೆ ಬಾಗಿಲು ತೆರೆದದ್ದನ್ನು ನೋಡಿದ್ದೇನೆ. ಜೊತೆಗೆ ನೀವೇ ಟೇಪು ಹಿಡಿದು ಮನೆಯ ಅತ್ಯಂತ ಕಿರಿದಾದ ಬಾಗಿಲನ್ನು ಅಳೆದಿಟ್ಟುಕೊಳ್ಳಿ. ಹಣ ಕೇಳಲು ಹೋಗುವ ಪ್ರತಿ ಕಡೆಗೂ ಇದೇ ಪತ್ರದ ಜೆರಾಕ್ಸ್ ಹೋಗಬೇಕು.

ಕಾರ್ಡ್ ಇಲ್ಲದೆ ಬಾಗಿಲು ತೆರೆಯದು

ಈಗ ಕಾಗದಪತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಹಿಂದಿನ 1995ರ ಕಾಯ್ದೆಯಲ್ಲಿ ಏಳೇ ಇದ್ದವು. ಹಾಗಾಗಿ ತಲಸ್ಸೀಮಿಯಾ, ಪಾರ್ಕಿನ್‌ಸನ್, ಕಲಿಕೆಯ ತೊಂದರೆ, ಆಸಿಡ್ ದಾಳಿಯ ಗಾಯ ಇವೆಲ್ಲ ಈಗ ಪಟ್ಟಿಯಲ್ಲಿವೆ. 'ನಮ್ಮದು ಅಂಗವಿಕಲತೆ ಅಲ್ಲ' ಅಂದುಕೊಂಡು ಸುಮ್ನೆ ಕೂತವರು ಎಷ್ಟೋ ಜನ ಇದ್ದಾರೆ. ಒಮ್ಮೆ ಪಟ್ಟಿ ನೋಡಿ.

ಬೇಕಾಗುವ ಮುಖ್ಯ ಕಾಗದ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ವೈದ್ಯರ ಪರೀಕ್ಷೆ ಮಾಡಿಸಿಕೊಂಡರೆ ಬರುತ್ತದೆ. ಕಾರ್ಡಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ನಡುವೆ ಹಳದಿ, 80 ಮತ್ತು ಮೇಲೆ ನೀಲಿ. ಹೆಚ್ಚಿನ ಯೋಜನೆಗಳು ಶೇ. 40ರಿಂದ ಶುರುವಾಗುತ್ತವೆ.

ಕಾರ್ಡ್ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಇದರ ಕೆಲಸ ಶುರು ಮಾಡಿ. ಜೊತೆಗೆ ಆದಾಯ ಪ್ರಮಾಣ ಪತ್ರ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೊ. ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯಾ ಅಂತ ನೋಡಿ. ಒಂದರಲ್ಲಿ 'ಗೌಡ' ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಅರ್ಜಿ ವಾಪಸ್ ಬರುತ್ತದೆ.

ಇದರಲ್ಲಿ ಕೈಹಿಡಿಯುವವರು ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ ಇದ್ದಾರೆ. ಅವರನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅನ್ನುತ್ತಾರೆ, ಬಾಯಲ್ಲಿ ವಿಆರ್‌ಡಬ್ಲ್ಯು. ತಾಲೂಕಿಗೆ ಎಂಆರ್‌ಡಬ್ಲ್ಯು, ಪಟ್ಟಣಕ್ಕೆ ಯುಆರ್‌ಡಬ್ಲ್ಯು ಇರುತ್ತಾರೆ. ಇವರೂ ವಿಕಲಚೇತನರೇ. ಸಿಗುವ ಗೌರವಧನ ಸಣ್ಣದು, ಓಡಾಟ ಬಹಳ. ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇವರಿಂದಲೇ. ಯಾವ ಶಿಬಿರ ಯಾವಾಗ, ಯಾವ ಅರ್ಜಿ ಸೇವಾ ಸಿಂಧುವಿನಲ್ಲಿ ತೆರೆದಿದೆ ಅನ್ನುವುದು ಇವರಿಗೆ ಮೊದಲು ಗೊತ್ತಾಗುತ್ತದೆ. ಒಮ್ಮೆ ಹೋಗಿ ಪರಿಚಯ ಮಾಡಿಕೊಳ್ಳಿ, ಫೋನ್ ನಂಬರ್ ಇಟ್ಟುಕೊಳ್ಳಿ.

ಕೇಂದ್ರದ ದೊಡ್ಡ ಬಾಗಿಲು: ಎಡಿಐಪಿ

ಉಚಿತ ಸಾಧನಗಳ ಅತಿ ದೊಡ್ಡ ಯೋಜನೆ ಎಡಿಐಪಿ. 1981ರಿಂದ ನಡೆಯುತ್ತಿದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರಬೇಕು. ಎಲ್ಲ ಮೂಲಗಳಿಂದ ತಿಂಗಳ ಆದಾಯ 22,500 ರೂಪಾಯಿ ದಾಟದಿದ್ದರೆ ಯೋಜನೆಯ ಮಿತಿಯೊಳಗಿನ ಪೂರ್ತಿ ಬೆಲೆ ಸರ್ಕಾರದ್ದು. ಅಲ್ಲಿಂದ 30,000ದವರೆಗೆ ಅರ್ಧ. ಬೇರೆಯವರನ್ನು ಅವಲಂಬಿಸಿದವರಾದರೆ ತಂದೆ ತಾಯಿ ಅಥವಾ ಪೋಷಕರ ಆದಾಯ ನೋಡುತ್ತಾರೆ.

ಒಮ್ಮೆ ಪಡೆದರೆ ಮತ್ತೆ ಮೂರು ವರ್ಷ ಕೇಳುವಂತಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದೇ ವರ್ಷ, ಮಕ್ಕಳು ಬೆಳೆಯುತ್ತಾರಲ್ಲ. ಈ ಒಂದು ನಿಯಮ ನೆನಪಿದ್ದರೆ ಶಿಬಿರದಲ್ಲಿ ಸಿಕ್ಕಿದ್ದನ್ನು ಸುಮ್ನೆ ತೆಗೆದುಕೊಂಡು ಬರುವುದಿಲ್ಲ. ಅಳತೆ ಸರಿ ಇಲ್ಲದ ಸಾಧನಕ್ಕೆ ಸಹಿ ಹಾಕಬೇಡಿ. 'ನನಗೆ 14 ಇಂಚಿನ ಸೀಟು ಬೇಕು, ಪತ್ರ ಇಲ್ಲಿದೆ, ಬಂದ ಮೇಲೆ ತೆಗೆದುಕೊಳ್ಳುತ್ತೇನೆ' ಅಂತ ಹೇಳಿ. ವೇದಿಕೆಯ ಮುಂದೆ ಹಾಗೆ ಹೇಳುವುದು ಕಷ್ಟ, ನನಗೆ ಗೊತ್ತು. ಆದರೂ ಹೇಳಿ.

ಸಾಧನಗಳಲ್ಲಿ ಬಹುಪಾಲು ತಯಾರಾಗುವುದು ಅಲಿಮ್ಕೊದಲ್ಲಿ. ಅದು ಕೇಂದ್ರ ಸರ್ಕಾರದ ಕಂಪನಿ, 1972ರಲ್ಲಿ ಕಾನ್ಪುರದಲ್ಲಿ ಶುರುವಾದದ್ದು. ಬೆಂಗಳೂರಿನಲ್ಲೂ ಅದರ ಘಟಕವಿದೆ. ಶಿಬಿರಗಳು ಸಾಮಾನ್ಯವಾಗಿ ಎರಡು ಸುತ್ತಿನಲ್ಲಿ ನಡೆಯುತ್ತವೆ. ಮೊದಲನೆಯದು ತಪಾಸಣೆಗೆ, ಎರಡನೆಯದು ಹಂಚುವುದಕ್ಕೆ. ತಪಾಸಣೆಯ ದಿನವೇ ಮುಖ್ಯ. ಆ ದಿನ ನಿಮ್ಮ ಪತ್ರ ತೋರಿಸಿ, ಅವರು ಬರೆದುಕೊಂಡ ಅಳತೆಯನ್ನು ನೀವೂ ಬರೆದುಕೊಳ್ಳಿ.

ಮೂರು ನಾಲ್ಕು ಅವಯವಗಳು ಅಥವಾ ಅರ್ಧ ಮೈ ಸೋತವರಂತೆ ಅಂಗವೈಕಲ್ಯ ಬಹಳ ತೀವ್ರವಾಗಿರುವವರಿಗೆ ಇದೇ ಯೋಜನೆಯಲ್ಲಿ ಮೋಟಾರಿನ ತ್ರಿಚಕ್ರ ಬಂಡಿ ಮತ್ತು ಮೋಟಾರಿನ ವೀಲ್‌ಚೇರ್‌ಗೂ ಸಹಾಯವಿದೆ. ಸರ್ಕಾರದ ಪಾಲಿಗೆ ಮಿತಿ ಇದೆ. ಉಳಿದದ್ದನ್ನು ಎಷ್ಟೋ ಕಡೆ ಸಂಸದರ ನಿಧಿಯಿಂದ ತುಂಬಿಸುತ್ತಾರೆ. ಸಂಸದರಿಗೆ ವರ್ಷಕ್ಕೆ ಐದು ಕೋಟಿಯ ಸ್ಥಳೀಯ ಅಭಿವೃದ್ಧಿ ನಿಧಿ ಇರುತ್ತದೆ. ಅದರಲ್ಲಿ ತ್ರಿಚಕ್ರ ಬಂಡಿ, ಕೃತಕ ಅವಯವ ಕೊಡಿಸಲು ಅವಕಾಶವಿದೆ. ಇದನ್ನು ಕೇಳುವವರು ಕಡಿಮೆ.

ಅರವತ್ತು ದಾಟಿದವರಿಗೆ ಇನ್ನೊಂದು ಯೋಜನೆ, 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ. ಬಿಪಿಎಲ್ ಕುಟುಂಬದವರಿಗೆ ಅಥವಾ ತಿಂಗಳ ಆದಾಯ 15,000 ರೂಪಾಯಿಯ ಒಳಗಿರುವವರಿಗೆ ಊರುಗೋಲು, ವಾಕರ್, ಕಿವಿ ಮಿಷನ್, ಕನ್ನಡಕ, ಹಲ್ಲಿನ ಸೆಟ್ಟು, ವೀಲ್‌ಚೇರ್ ಉಚಿತ. ವಯಸ್ಸಿನಿಂದ ಕಿವಿ ಮಂದವಾದ ಅಜ್ಜ ಅಜ್ಜಿಯರಿಗೆ ಇದು ಸುಲಭದ ದಾರಿ.

ಶಾಲೆಗೆ ಹೋಗುವ ಮಗುವಿಗೆ ಇದು ಹಕ್ಕು

ಮಕ್ಕಳ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಬಹುದು. 2016ರ ಕಾಯ್ದೆಯ 17ನೇ ಕಲಂ ಪ್ರಕಾರ, ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಾಧನಗಳನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಉಚಿತವಾಗಿ ಕೊಡಬೇಕು. ಇದು ದಯೆಯ ಮಾತಲ್ಲ, ಕಾನೂನು.

ನಡೆಯುವ ದಾರಿ ಹೀಗೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಪ್ರತ್ಯೇಕ ಅನುದಾನವಿದೆ. ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರೇ ವೈದ್ಯಕೀಯ ತಪಾಸಣಾ ಶಿಬಿರ ಏರ್ಪಡಿಸುವುದು, ಮಕ್ಕಳ ಪಟ್ಟಿ ಮಾಡುವುದು. ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿ ವಿಶೇಷ ಅಗತ್ಯದ ಮಗು ಅಂತ ಸೇರಿದೆಯಾ ಅಂತ ಹೆಡ್‌ಮಾಸ್ಟರನ್ನು ಕೇಳಿ. ಅಲ್ಲಿ ಇಲ್ಲದಿದ್ದರೆ ಆ ವರ್ಷದ ಲೆಕ್ಕದಲ್ಲೇ ಆ ಮಗು ಇರುವುದಿಲ್ಲ. ಎಷ್ಟೋ ತಾಯಂದಿರು ನಾಚಿಕೆಗೋ ಹೆದರಿಕೆಗೋ ಹೇಳಿರುವುದಿಲ್ಲ. ಹೇಳಿ ಅಮ್ಮಾ, ಅದರಿಂದ ಮಗುವಿಗೆ ನಷ್ಟವಿಲ್ಲ.

ಕಿವಿ ಕೇಳದೆ ಹುಟ್ಟಿದ ಮಗುವಾದರೆ ಒಂದು ದಿನವೂ ಕಾಯಬೇಡಿ. ಮಾತು ಕಲಿಯುವ ವಯಸ್ಸು ಮೊದಲ ಕೆಲವು ವರ್ಷಗಳೇ. ಎಡಿಐಪಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸುವ ಯಂತ್ರವನ್ನು ಕಿವಿಯೊಳಗೆ ಕೂರಿಸುವ ಶಸ್ತ್ರಚಿಕಿತ್ಸೆಗೆ ಹಣವಿದೆ, ಆದರೆ ಹುಟ್ಟಿನಿಂದ ಕೇಳದ ಮಕ್ಕಳಿಗೆ ವಯಸ್ಸಿನ ಮಿತಿ ಐದು ವರ್ಷ. ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಶ್ರವಣ ಸಂಜೀವಿನಿ ಯೋಜನೆ ಇದೆ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದವರೂ ಮಗುವನ್ನು ಮುಂದಕ್ಕೆ ಕಳಿಸುತ್ತಾರೆ. ಒಂದು ಎಚ್ಚರಿಕೆ: ಶಸ್ತ್ರಚಿಕಿತ್ಸೆ ಉಚಿತವಾದರೂ ಕಿವಿಯ ಹೊರಗಿನ ಯಂತ್ರಕ್ಕೆ ಬ್ಯಾಟರಿ, ಕೇಬಲ್, ರಿಪೇರಿ ಎಲ್ಲ ವರ್ಷವರ್ಷವೂ ಬರುತ್ತದೆ. ವಾರಂಟಿ ಎಷ್ಟು ವರ್ಷ, ಆಮೇಲೆ ಯಾರು ಕೊಡುತ್ತಾರೆ ಅಂತ ಮೊದಲೇ ಬರಹದಲ್ಲಿ ಕೇಳಿ. ಹೊರಗಿನ ಯಂತ್ರ ಕೆಟ್ಟು ಮನೆಯಲ್ಲಿ ಕೂತರೆ ಒಳಗಿನದರಿಂದ ಮಗುವಿಗೆ ಏನೂ ಕೇಳಿಸುವುದಿಲ್ಲ.

ಪಂಚಾಯಿತಿಯ ಶೇ. 5

ನನ್ನ ಅನುಭವದಲ್ಲಿ ಅತ್ಯಂತ ಹತ್ತಿರ ಇದ್ದೂ ಅತ್ಯಂತ ಕಡಿಮೆ ಬಳಕೆಯಾಗುವ ಹಣ ಇದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ನಗರಸಭೆ, ಪುರಸಭೆಗಳಿಗೂ ಇಂಥದ್ದೇ ಶೇ. 5 ಇದೆ. ಮನೆ ಕಂದಾಯ, ಅಂಗಡಿ ಲೈಸೆನ್ಸು, ಸಂತೆ ಸುಂಕದಿಂದ ಬರುವ ಹಣದ ಪಾಲು ಅದು. ಸಣ್ಣ ಪಂಚಾಯಿತಿಯಲ್ಲಿ ಮೊತ್ತ ಚಿಕ್ಕದಿರಬಹುದು. ಆದರೆ ಒಂದು ಕುಶನ್‌ಗೆ, ಕಿವಿ ಮಿಷನ್‌ನ ಬ್ಯಾಟರಿಗೆ, ಟೈರು ಬದಲಿಸಲಿಕ್ಕೆ ಸಾಕಾಗುತ್ತದೆ. ದೊಡ್ಡ ಯೋಜನೆಗಳು ನೋಡದೆ ಬಿಡುವುದೇ ಇಂಥ ಖರ್ಚುಗಳನ್ನು.

ಕೇಳುವ ವಿಧಾನ ಹೀಗೆ. ಪಿಡಿಒ ಹೆಸರಿಗೆ ಲಿಖಿತ ಅರ್ಜಿ ಕೊಡಿ. ಜೊತೆಗೆ ತಜ್ಞರ ಪತ್ರ, ಯುಡಿಐಡಿ ಜೆರಾಕ್ಸ್, ಅಂಗಡಿಯ ಕೊಟೇಶನ್. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮುಂದಿನ ವಿಕಲಚೇತನರ ಗ್ರಾಮಸಭೆ ಯಾವಾಗ ಅಂತ ಕೇಳಿ, ಆ ದಿನ ಹೋಗಿ ಎದ್ದು ನಿಂತು, ನಿಲ್ಲಲಾಗದಿದ್ದರೆ ಕೂತೇ, ಕೇಳಿ. 'ಈ ವರ್ಷ ಶೇ. 5ರಲ್ಲಿ ಎಷ್ಟು ಇತ್ತು, ಯಾವುದಕ್ಕೆ ಖರ್ಚಾಯಿತು?' ಸಭೆಯಲ್ಲಿ ಎದುರಿಗೆ ಕೇಳಿದ ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ 30 ದಿನದಲ್ಲಿ ಉತ್ತರ ಕೊಡಬೇಕು.

ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲೂ ಸಾಧನ ಸಲಕರಣೆಗಳ ಯೋಜನೆ ಇದೆ. ಅಕ್ಕಪಕ್ಕ ಎರಡು ಚಕ್ರ ಕೂಡಿಸಿದ ಸ್ಕೂಟರ್, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಮಾತಾಡುವ ಲ್ಯಾಪ್‌ಟಾಪ್, ಬ್ರೈಲ್ ಕಿಟ್ ಇವೆಲ್ಲ ಅಲ್ಲಿಂದ ಬರುವವು. ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ವರ್ಷಕ್ಕೊಮ್ಮೆ ತೆರೆಯುತ್ತದೆ, ಬೇಗ ಮುಚ್ಚುತ್ತದೆ. ಕಾಗದ ಸಿದ್ಧವಿದ್ದವರಿಗೇ ಅನುಕೂಲ.

ನೌಕರಿ, ವಿಮೆ, ಅಪಘಾತ

ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಇದೆಯಾ ನೋಡಿ. ಗಾರ್ಮೆಂಟ್ಸ್‌ನಲ್ಲೋ ಫ್ಯಾಕ್ಟರಿಯಲ್ಲೋ ದುಡಿಯುವವರಿಗೆ ಸಂಬಳದಲ್ಲಿ ಕಡಿತವಾಗುತ್ತಿರುತ್ತದೆ. ವಿಮೆ ಇರುವ ಕಾರ್ಮಿಕರಿಗೆ ಕೃತಕ ಅವಯವ, ಕಿವಿ ಮಿಷನ್‌ನಂಥವು ಇಎಸ್‌ಐ ಚಿಕಿತ್ಸೆಯ ಭಾಗವಾಗಿಯೇ ಸಿಗುತ್ತವೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ರಸ್ತೆ ಅಪಘಾತದಲ್ಲಿ ಕಾಲು ಹೋದವರಿಗೆ ಇನ್ನೊಂದು ಮಾತು ಹೇಳಲೇಬೇಕು. ಪರಿಹಾರದ ಕೇಸಿನಲ್ಲಿ ಆಸ್ಪತ್ರೆ ಬಿಲ್ಲು, ಸಂಬಳದ ನಷ್ಟ ಮಾತ್ರ ಕೇಳಿ ನಿಲ್ಲಿಸಬೇಡಿ. ಕೃತಕ ಕಾಲು ಸಾಯುವವರೆಗೆ ಬಾಳುವ ವಸ್ತುವಲ್ಲ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ನಡುವೆ ರಿಪೇರಿ ಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಬಸ್ ಅಪಘಾತದ ಪ್ರಕರಣದಲ್ಲಿ ಮತ್ತೆ ಬದಲಿಸಬೇಕಾದ ಕಾಲಿಗೂ, ಅದರ ನಿರ್ವಹಣೆಗೂ ಸೇರಿಸಿಯೇ ಪರಿಹಾರ ಕೊಟ್ಟಿತು. ವಕೀಲರಿಗೆ ಇದನ್ನು ನೆನಪಿಸಿ, ತಜ್ಞರಿಂದ ಕಾಲಿನ ಬೆಲೆ ಮತ್ತು ಬಾಳಿಕೆಯ ಪತ್ರ ತಂದುಕೊಡಿ. ಕೇಸು ಮುಗಿದ ಮೇಲೆ ನೆನಪಾದರೆ ಕಷ್ಟ.

ಮರ ಹತ್ತುವವರಿಗೂ ಒಂದು ಮಾತು. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ತೆಂಗಿನ ಮರ ಹತ್ತುವವರಿಗೆ ಇದೆ. ಬಿದ್ದ ಮೇಲೆ ಮಾಡಿಸಲಾಗುವುದಿಲ್ಲ, ಹತ್ತುವ ಮುಂಚೆ ಮಾಡಿಸಬೇಕು.

ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ, ಜನ 80ಯು, 80ಡಿಡಿ ಅಂತ ಕರೆಯುವ ವಿನಾಯಿತಿ ಇದೆ. ಮೊದಲನೆಯದು ತಮಗೇ ಅಂಗವೈಕಲ್ಯ ಇದ್ದರೆ, ಎರಡನೆಯದು ನೋಡಿಕೊಳ್ಳುವ ಮನೆಯವರಿಗೆ. 75,000 ರೂಪಾಯಿ, ತೀವ್ರ ಅಂಗವೈಕಲ್ಯಕ್ಕೆ 1,25,000. ಹೊಸ ಪದ್ಧತಿಯಲ್ಲಿ ಇದು ಸಿಗುವುದಿಲ್ಲ.

ಕೇಳಿ ಪಡೆಯುವ ಹಣ

ಸರ್ಕಾರದ ಮಿತಿಗಿಂತ ಬೆಲೆ ಜಾಸ್ತಿ ಇದ್ದಾಗ ಟ್ರಸ್ಟು, ಕಂಪನಿಗಳ ಕಡೆ ನೋಡಬೇಕಾಗುತ್ತದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಇದನ್ನೇ ಸಿಎಸ್‌ಆರ್ ಅನ್ನುವುದು. ಆದರೆ ಆ ಹಣ ಸಾಮಾನ್ಯವಾಗಿ ಒಬ್ಬ ವ್ಯಕ್ತಿಗೆ ನೇರವಾಗಿ ಬರುವುದಿಲ್ಲ, ಸಂಸ್ಥೆಗಳ ಮೂಲಕ ಬರುತ್ತದೆ. ಆದ್ದರಿಂದ ಕಂಪನಿಗೆ ಪತ್ರ ಬರೆಯುವ ಬದಲು ಈ ಕೆಲಸ ಮಾಡುವ ಸಂಸ್ಥೆಗೆ ಬರೆಯಿರಿ.

ಪತ್ರ ಒಂದು ಪುಟ ದಾಟದಿರಲಿ. ಕಷ್ಟದ ಕಥೆ ಎರಡು ಸಾಲು ಸಾಕು. ಏನು ಬೇಕು, ಅದರಿಂದ ಯಾವ ಕೆಲಸ ಆಗುತ್ತದೆ, ಬೆಲೆ ಎಷ್ಟು, ಅದರಲ್ಲಿ ಈಗಾಗಲೇ ಎಷ್ಟು ಹೊಂದಿದೆ, ಇನ್ನೆಷ್ಟು ಬೇಕು. ಈ ಐದು ವಿಷಯ ಸ್ಪಷ್ಟ ಇರಲಿ. 'ಸಹಾಯ ಮಾಡಿ' ಅನ್ನುವ ಪತ್ರಕ್ಕಿಂತ '48,000ದಲ್ಲಿ 20,000 ಕಡಿಮೆ ಬಿದ್ದಿದೆ' ಅನ್ನುವ ಪತ್ರಕ್ಕೆ ಬೇಗ ಉತ್ತರ ಬರುತ್ತದೆ. ಯಾರೋ ನಡುವೆ ನಿಂತು 'ನಾನು ಮಾಡಿಸಿಕೊಡುತ್ತೇನೆ, ಕಮಿಷನ್ ಕೊಡಿ' ಅಂದರೆ ದೂರ ಇರಿ. ಸಾಧನದ ಯಾವ ಯೋಜನೆಗೂ ಕಮಿಷನ್ ಇಲ್ಲ.

ಸಂಸ್ಥೆಗಳ ಕೆಲಸದ ಹಿರಿಮೆ ನೋಡಬೇಕಾದರೆ ಜೈಪುರ ಕಾಲನ್ನು ನೋಡಬೇಕು. 1968ರ ಹೊತ್ತಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ಅದನ್ನು ರೂಪಿಸಿದರು. ರಬ್ಬರಿನ ಪಾದ, ಶೂ ಬೇಡ. ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಗದ್ದೆಯ ಕೆಸರಿಗೆ ಇಳಿಯಬಹುದು. 1975ರಿಂದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಾಕಿಕೊಡುತ್ತಿದೆ. ನಮ್ಮ ರೈತರಿಗೆ ದುಬಾರಿ ಕಾಲಿಗಿಂತ ಇದೇ ಎಷ್ಟೋ ಸಲ ಸರಿಹೋಗುತ್ತದೆ.

ಸಾಲವೂ ಒಂದು ದಾರಿ. ಎನ್‌ಡಿಎಫ್‌ಡಿಸಿ ಅನ್ನುವ ಕೇಂದ್ರದ ಹಣಕಾಸು ನಿಗಮ 1997ರಿಂದ ವಿಕಲಚೇತನರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ, ಸಾಧನಗಳಿಗೂ ಕೊಡುತ್ತದೆ. ಸಾಧನದಿಂದ ದುಡಿಮೆ ಬರುವುದಾದರೆ ಮಾತ್ರ ಸಾಲ ಮಾಡಿ ಅಂತ ನನ್ನ ಸಲಹೆ.

ದುಡ್ಡೇ ಬೇಡದ ಸಾಧನಗಳೂ ಇವೆ. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ. ಕಣ್ಣು ಕಾಣದ ಆಸ್ಟ್ರೇಲಿಯಾದ ಯುವಕ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಆಮೇಲೆ ಕಣ್ಣು ಕಾಣದ ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಅದು ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಮೊದಲೇ ಇರುತ್ತದೆ. ಎದುರಿನವರ ಕನ್ನಡ ಮಾತನ್ನು ಅಕ್ಷರವಾಗಿ ತೋರಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಕೂಡ ಉಚಿತ. ನಮ್ಮ ಪಕ್ಕದ ಊರಿನ ಕಿವುಡ ಹುಡುಗನೊಬ್ಬ ಅದನ್ನು ಹಿಡಿದುಕೊಂಡೇ ಬ್ಯಾಂಕಿಗೆ ಹೋಗಿಬರುತ್ತಾನೆ. ಕೊಳ್ಳುವ ಮುಂಚೆ ಕೈಯಲ್ಲಿರುವ ಫೋನಿನಲ್ಲಿ ಏನಿದೆ ಅಂತ ಒಮ್ಮೆ ಹುಡುಕಿ.

ಚಿಕ್ಕಪ್ಪನ ಲೆಕ್ಕ

ಹುಣ್ಣು ಮಾಯ್ದ ಮೇಲೆ ಚಿಕ್ಕಪ್ಪನನ್ನು ಫಿಸಿಯೊಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆವು. ಅವರು ಒಂದು ಗಂಟೆ ಅಳೆದರು, ಅರ್ಧ ಪುಟ ಬರೆದರು. ಕುರ್ಚಿಗೆ 42,000, ಕುಶನ್‌ಗೆ 6,000, ಒಟ್ಟು 48,000 ರೂಪಾಯಿ. ಸರ್ಕಾರದ ಬಾಗಿಲು ಮುಚ್ಚಿತ್ತು. ಪಂಚಾಯಿತಿಯ ಶೇ. 5ರಲ್ಲಿ 10,000 ಬಂತು. ಒಂದು ಟ್ರಸ್ಟ್ 20,000 ಕೊಟ್ಟಿತು. ಚಿಕ್ಕಪ್ಪನ ಜೊತೆ ಎಸ್ಸೆಸ್ಸೆಲ್ಸಿ ಓದಿದವರು 8,000 ಸೇರಿಸಿದರು. ಉಳಿದ 10,000 ಮನೆಯದು, ಅಡಿಕೆ ಮಾರಿದ ದುಡ್ಡು. ಐದು ತಿಂಗಳು ಹಿಡಿಯಿತು. ಈಗ ಅವರು ಬಚ್ಚಲಿಗೆ ತಾವೇ ಹೋಗುತ್ತಾರೆ, ಕೊಟ್ಟಿಗೆಗೂ ಹೋಗುತ್ತಾರೆ. ಟೈರಿಗೆ, ಬೇರಿಂಗಿಗೆ ಅಂತ ತಿಂಗಳಿಗೆ ನೂರು ರೂಪಾಯಿ ಡಬ್ಬಿಗೆ ಹಾಕುತ್ತೇವೆ.

ಬರುವ ತಿಂಗಳಿಗೆ ಆ ಮೂರು ವರ್ಷ ತುಂಬುತ್ತದೆ. ಹಾಲಿನ ಡೈರಿಗೆ ತಾನೇ ಹೋಗಬೇಕು ಅಂತ ಚಿಕ್ಕಪ್ಪನ ಆಸೆ. ಅವರದು ನೀಲಿ ಕಾರ್ಡ್. ಮೋಟಾರಿನ ತ್ರಿಚಕ್ರ ಬಂಡಿ ಕೇಳೋಣ ಅಂದುಕೊಂಡಿದ್ದೇವೆ. ಅರ್ಜಿ ಇನ್ನೂ ಬರೆದಿಲ್ಲ. ನಿನ್ನೆ ಟೇಪು ಹಿಡಿದು ಗೇಟಿನಿಂದ ಡೈರಿವರೆಗಿನ ದಾರಿ ಅಳೆದೆವು. ಹಳ್ಳದ ಮೇಲಿನ ಸಂಕದ ಅಗಲ ಮೂರೂವರೆ ಅಡಿ. ಬಂಡಿಯ ಅಗಲ ಎಷ್ಟು ಅಂತ ವಿಆರ್‌ಡಬ್ಲ್ಯು ಅಕ್ಕ ವಿಚಾರಿಸಿ ಹೇಳುತ್ತೇನೆ ಅಂದಿದ್ದಾರೆ.